ಆರ್ಥಿಕ ಹಿಂಜರಿತದಲ್ಲಿ ಹಳೆಯ ಜೀಪಿನ ಬೆಲೆ: ಮಾರುವುದೇ, ಇಟ್ಟುಕೊಳ್ಳುವುದೇ?

ಪ್ರಶ್ನೆ: ನಾನು ಸಕಲೇಶಪುರದ ಕಡೆಯವನು, ಬೆಂಗಳೂರಿನ ಸಾಫ್ಟ್‌ವೇರ್ ಸಂಸ್ಥೆಯೊಂದರಲ್ಲಿ ಕೆಲಸಕ್ಕಿದ್ದೇನೆ. ನನ್ನಲ್ಲಿ 2021ರ ಮಹೀಂದ್ರಾ ಥಾರ್ ಇದೆ. ಡೀಸೆಲ್, ಹಾರ್ಡ್ ಟಾಪ್, ಮ್ಯಾನುಯಲ್ ಗೇರು, ಫೋರ್ ವೀಲ್ ಡ್ರೈವ್. 48 ಸಾವಿರ ಕಿ.ಮೀ. ಓಡಿದೆ, ಐದು ಲಕ್ಷ ರೂಪಾಯಿ ಸಾಲ ಬಾಕಿ ಇದೆ. ಊರಿನ ತೋಟದಲ್ಲಿ ತಂದೆಯವರ 1996ರ ಮಹೀಂದ್ರಾ ಎಂಎಂ 540 ಜೀಪು ಇದೆ. ಕಚೇರಿಯಲ್ಲಿ ಸಿಬ್ಬಂದಿ ಕಡಿತದ ಮಾತು ಕೇಳಿಬರುತ್ತಿದೆ. ಆರ್ಥಿಕತೆ ಹಿಂಜರಿದರೆ ಇಂಥ ಗಾಡಿಗಳ ಬೆಲೆಯೇ ಮೊದಲು ಬೀಳುತ್ತದೆ ಎಂದು ಕೆಲವರು, ಜೀಪಿನ ಬೆಲೆ ಯಾವ ಕಾಲಕ್ಕೂ ಬೀಳುವುದಿಲ್ಲ ಎಂದು ಇನ್ನು ಕೆಲವರು ಹೇಳುತ್ತಾರೆ. ಯಾವುದನ್ನು ಮಾರಲಿ, ಯಾವಾಗ ಮಾರಲಿ?

ಉತ್ತರ: ನಿಮಗೆ ಸಲಹೆ ಕೊಟ್ಟ ಇಬ್ಬರ ಮಾತಿನಲ್ಲೂ ಅರ್ಧ ಸತ್ಯವಿದೆ. ಹಿಂಜರಿತ ಶುರುವಾದಾಗ ಮೊದಲು ಕಡಿಮೆಯಾಗುವುದು ಕೊಳ್ಳಲು ಬರುವವರ ಸಂಖ್ಯೆ. ಬೆಲೆ ಇಳಿಯುವುದು ಅದಾದ ಮೇಲೆ, ಅದೂ ಎಲ್ಲ ಗಾಡಿಗಳದ್ದು ಒಂದೇ ಸಮನೆ ಇಳಿಯುವುದಿಲ್ಲ. ಒಳ್ಳೆಯ ಕಾಲದಲ್ಲಿ ಥಾರ್ ಮಾರಾಟಕ್ಕಿದೆ ಎಂದು ಜಾಹೀರಾತು ಕೊಟ್ಟ ವಾರದಲ್ಲೇ ಮನೆ ಬಾಗಿಲಿಗೆ ಜನ ಬರುತ್ತಾರೆ. ಕೆಟ್ಟ ಕಾಲದಲ್ಲಿ ಅದೇ ಜಾಹೀರಾತು ತಿಂಗಳುಗಟ್ಟಲೆ ಹಾಗೆಯೇ ಇರುತ್ತದೆ, ಬರುವ ಒಂದೆರಡು ಕರೆಗಳೂ ‘ಲಾಸ್ಟ್ ಎಷ್ಟು’ ಎಂಬಲ್ಲಿಗೆ ನಿಂತುಬಿಡುತ್ತವೆ. ಆದ್ದರಿಂದ ಜಾಹೀರಾತಿನಲ್ಲಿ ಕಾಣುವ ಬೆಲೆಯನ್ನು ನೋಡಿ ಮಾರುಕಟ್ಟೆ ಗಟ್ಟಿಯಾಗಿದೆ ಎಂದು ತೀರ್ಮಾನಿಸಬೇಡಿ. ಅದು ಮಾರುವವರು ಬಯಸುವ ಬೆಲೆ; ವ್ಯವಹಾರ ಕುದುರುವ ಬೆಲೆ ಬೇರೆ, ಮತ್ತು ಹಿಂಜರಿತದ ತಿಂಗಳುಗಳಲ್ಲಿ ಇವೆರಡರ ನಡುವಿನ ಅಂತರ ಬಹಳ ಹೆಚ್ಚುತ್ತದೆ. ಹಳೆಯ ವಾಹನಗಳ ಮೌಲ್ಯ ಕಟ್ಟುವ ಕೆಲಸದಲ್ಲಿ ನಾನು ಮತ್ತೆ ಮತ್ತೆ ಕಂಡಿರುವುದೇನೆಂದರೆ, ಇಂಥ ಕಾಲದಲ್ಲಿ ದೊಡ್ಡ ನಷ್ಟವಾಗುವುದು ಕಾಯಲು ಶಕ್ತಿಯಿಲ್ಲದೆ ಮಾರುವವರಿಗೆ. ಕಾಯುವ ಶಕ್ತಿ ಇರುವಾಗಲೇ ನಿರ್ಧಾರಕ್ಕೆ ಬಂದವರಿಗೆ ಆಗುವ ನಷ್ಟ, ಕೆಟ್ಟ ವರ್ಷದಲ್ಲೂ, ಅಷ್ಟು ಭಾರಿಯಾಗಿರುವುದಿಲ್ಲ.

ನಮ್ಮ ದೇಶದ ಇತ್ತೀಚಿನ ಎರಡು ಹಿನ್ನಡೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಈ ಮಾರುಕಟ್ಟೆಯ ಸ್ವಭಾವ ಅರ್ಥವಾಗುತ್ತದೆ. 2018ರ ಸೆಪ್ಟೆಂಬರಿನಲ್ಲಿ ಮೂಲಸೌಕರ್ಯ ಯೋಜನೆಗಳಿಗೆ ಹಣ ಒದಗಿಸುತ್ತಿದ್ದ ಐಎಲ್ ಆ್ಯಂಡ್ ಎಫ್‌ಎಸ್ ಸಮೂಹ ಸಾಲ ತೀರಿಸಲಾಗದೆ ಕುಸಿದ ಮೇಲೆ ಬ್ಯಾಂಕೇತರ ಹಣಕಾಸು ಸಂಸ್ಥೆಗಳಿಗೆ ಹಣ ಹುಟ್ಟುವುದು ಕಷ್ಟವಾಯಿತು. ತಾಲ್ಲೂಕು ಮಟ್ಟದಲ್ಲಿ ಹಳೆಯ ಜೀಪು, ಪಿಕಪ್‌ಗಳಿಗೆ ಸಾಲ ಕೊಡುವವರಲ್ಲಿ ಇಂಥ ಸಂಸ್ಥೆಗಳ ಪಾಲು ದೊಡ್ಡದು. ಅವರು ಕೈ ಬಿಗಿ ಹಿಡಿದ ಕೂಡಲೇ ಕೊಳ್ಳಬೇಕೆಂದಿದ್ದವರು ಮುಂಗಡಕ್ಕೇ ಹೆಚ್ಚು ಹಣ ಹೊಂದಿಸಬೇಕಾಯಿತು, ಆಗದವರು ಹಿಂದೆ ಸರಿದರು. 2019ರ ಆಗಸ್ಟಿನಲ್ಲಿ ಪ್ರಯಾಣಿಕ ವಾಹನಗಳ ಮಾರಾಟ ಹಿಂದಿನ ವರ್ಷದ ಅದೇ ತಿಂಗಳಿಗಿಂತ ಶೇ. 31ಕ್ಕೂ ಹೆಚ್ಚು ಕುಸಿಯಿತು. ಇದರ ಮೇಲೆ, 2020ರ ಏಪ್ರಿಲ್ 1ರಿಂದ ಬಿಎಸ್ 6 (ಹೊಗೆ ಮಾಲಿನ್ಯದ ಹೊಸ, ಹೆಚ್ಚು ಕಟ್ಟುನಿಟ್ಟಿನ ಮಾನದಂಡ) ವಾಹನಗಳನ್ನಷ್ಟೇ ಮಾರಬೇಕೆಂಬ ನಿಯಮ ಕಣ್ಮುಂದೆ ಇದ್ದುದರಿಂದ, ಷೋರೂಮುಗಳು ಕೈಯಲ್ಲಿದ್ದ ಬಿಎಸ್ 4 ದಾಸ್ತಾನನ್ನು ರಿಯಾಯಿತಿ ಕೊಟ್ಟು ಖಾಲಿ ಮಾಡಲು ಹೊರಟವು. ಹೊಸ ಗಾಡಿಯೇ ಅಗ್ಗವಾಗಿ ಸಿಗುವಾಗ ಒಂದೆರಡು ವರ್ಷ ಹಳೆಯದನ್ನು ಕೇಳುವವರು ಯಾರು?

ಮರುವರ್ಷ ಬಂದದ್ದು ಅದಕ್ಕಿಂತ ಎಷ್ಟೋ ಪಾಲು ಆಳವಾದ ಹಿನ್ನಡೆ. 2020ರ ಏಪ್ರಿಲ್‌ನಿಂದ ಜೂನ್‌ವರೆಗಿನ ತ್ರೈಮಾಸಿಕದಲ್ಲಿ ದೇಶದ ಒಟ್ಟು ಉತ್ಪನ್ನ (ಜಿಡಿಪಿ) ಕಾಲು ಭಾಗದ ಹತ್ತಿರ ಕುಗ್ಗಿತು. ಏಪ್ರಿಲ್ ತಿಂಗಳಲ್ಲಂತೂ ದೊಡ್ಡ ಕಾರು ಕಂಪನಿಗಳು ದೇಶದೊಳಗೆ ಒಂದೂ ವಾಹನ ಮಾರಲಿಲ್ಲ. ಆದರೆ ಹಳೆಯ ಥಾರ್, ಜಿಪ್ಸಿಗಳ ಬೆಲೆ ನೆಲ ಕಚ್ಚಿತೇ ಎಂದು ಕೇಳಿದರೆ, ಇಲ್ಲ. ಲಾಕ್‌ಡೌನ್ ತೆರವಾದ ಮೇಲೆ ಬಸ್ಸು, ರೈಲು ಹತ್ತಲು ಹೆದರಿದವರು ಸ್ವಂತ ಗಾಡಿ ಹುಡುಕಿದರು. ರಿಸರ್ವ್ ಬ್ಯಾಂಕ್ ತಾನು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿಯಾದ ರೆಪೊ ದರವನ್ನು ಶೇ. 4ಕ್ಕೆ ಇಳಿಸಿದ್ದರಿಂದ ಸಾಲ ಅಗ್ಗವಾಯಿತು. ಆಮೇಲೆ ಚಿಪ್ ಕೊರತೆಯಿಂದ ಹೊಸ ವಾಹನಗಳ ತಯಾರಿಕೆಯೇ ಕುಂಟಿತು. ಅದೇ ವರ್ಷ ಅಕ್ಟೋಬರ್ 2ರಂದು ಬಿಡುಗಡೆಯಾದ ಹೊಸ ಥಾರ್‌ಗೆ ಜನ ತಿಂಗಳುಗಟ್ಟಲೆ ಸರದಿಯಲ್ಲಿ ಕಾಯಬೇಕಾಯಿತು. ಕೈಗೆ ತಕ್ಷಣ ಸಿಗುವ ಒಂದು ವರ್ಷ ಹಳೆಯ ಥಾರ್‌ಗೆ ಹೊಸದರ ಹತ್ತಿರದ ಬೆಲೆ ಸಿಕ್ಕಿದ್ದು ಆಗಲೇ. ನಿಮ್ಮ ಗಾಡಿಯೂ ಆ ಕಾಲದ್ದೇ. ‘ಥಾರ್ ಬೆಲೆ ಬೀಳುವುದಿಲ್ಲ’ ಎಂಬ ನಂಬಿಕೆ ಬಲವಾದದ್ದೂ ಆ ವರ್ಷಗಳಲ್ಲಿಯೇ, ಹಾಗಾಗಿ ಅದನ್ನು ಆ ವರ್ಷಗಳ ಮಟ್ಟಿಗೆ ಮಾತ್ರ ನಂಬಬೇಕು.

ಆರ್ಥಿಕತೆ ಕಡಿಮೆ ಪೆಟ್ಟು ತಿಂದ ವರ್ಷದಲ್ಲಿ ಬೇಡಿಕೆ ಬತ್ತಿತು, ಹೆಚ್ಚು ಪೆಟ್ಟು ತಿಂದ ವರ್ಷದ ನಂತರ ಬೆಲೆ ಏರಿತು. ಇದರ ಗುಟ್ಟು ಇರುವುದು ಹೊಸ ಗಾಡಿ ಸಿಗುತ್ತಿದೆಯೇ, ಅದರ ಬೆಲೆ ಎಷ್ಟು, ಸಾಲ ಸಿಗುತ್ತದೆಯೇ ಎಂಬ ಮೂರು ವಿಷಯಗಳಲ್ಲಿ. ಪತ್ರಿಕೆಗಳ ಮುಖಪುಟದಲ್ಲಿ ಬರುವ ಜಿಡಿಪಿ ಅಂಕಿಗಿಂತ ಈ ಮೂರನ್ನು ಗಮನಿಸುವುದು ನಿಮಗೆ ಹೆಚ್ಚು ಉಪಯುಕ್ತ.

ಅಮೆರಿಕದ ಅನುಭವ ಇದಕ್ಕೆ ಇನ್ನೊಂದು ಮಾತನ್ನು ಸೇರಿಸುತ್ತದೆ. 2008ರ ಬೇಸಿಗೆಯಲ್ಲಿ ಅಲ್ಲಿ ಪೆಟ್ರೋಲ್ ಗ್ಯಾಲನ್ನಿಗೆ 4 ಡಾಲರ್ ದಾಟಿದಾಗ ದೊಡ್ಡ ಎಸ್‌ಯುವಿಗಳ ಮರುಮಾರಾಟ ಬೆಲೆ ಪಾತಾಳಕ್ಕಿಳಿಯಿತು. ಬ್ಯಾಂಕುಗಳ ಕುಸಿತ ಆಮೇಲೆ ಬಂದಿತು. ಆದರೆ ಅಷ್ಟರಲ್ಲಿ, ಅದೇ ವರ್ಷದ ಕೊನೆಗೆ, ಪೆಟ್ರೋಲ್ ಬೆಲೆ 2 ಡಾಲರಿಗಿಂತ ಕೆಳಗೆ ಬಂದಿತ್ತು. ಮರುವರ್ಷ ಸರ್ಕಾರ ಹಳೆಯ ವಾಹನ ಒಪ್ಪಿಸಿದವರಿಗೆ ಹೊಸದಕ್ಕೆ ಸಹಾಯಧನ ಕೊಡುವ ಯೋಜನೆ ತಂದು ಸುಮಾರು 6.77 ಲಕ್ಷ ವಾಹನಗಳನ್ನು ಬಳಕೆಯಿಂದ ತೆಗೆದುಹಾಕಿತು. ಎಂಜಿನ್ನಿಗೆ ಸೋಡಿಯಂ ಸಿಲಿಕೇಟ್ ದ್ರಾವಣ ಸುರಿದು ಮತ್ತೆಂದೂ ಚಾಲೂ ಆಗದಂತೆ ಮಾಡುತ್ತಿದ್ದರು. ಹಾಗೆ ಹೋದವುಗಳಲ್ಲಿ ಫೋರ್ಡ್ ಎಕ್ಸ್‌ಪ್ಲೋರರ್, ಜೀಪ್ ಗ್ರ್ಯಾಂಡ್ ಚೆರೋಕಿಯಂಥ ಗಾಡಿಗಳೇ ಹೆಚ್ಚು. ಹಿಂಜರಿತದಲ್ಲಿ ಹೊಸ ವಾಹನಗಳ ಮಾರಾಟವೂ ಕಡಿಮೆಯಾಗಿದ್ದರಿಂದ ಮುಂದಿನ ವರ್ಷಗಳಲ್ಲಿ ಒಳ್ಳೆಯ ಸ್ಥಿತಿಯ ಹಳೆಯ ಗಾಡಿಗಳಿಗೆ ಕೊರತೆಯುಂಟಾಗಿ ಬೆಲೆ ಏರಿತು. 2020ರಲ್ಲೂ ಅಲ್ಲಿಯ ಹಳೆಯ ವಾಹನಗಳ ಸಗಟು ಹರಾಜಿನ ಬೆಲೆ ಏಪ್ರಿಲ್ ಒಂದೇ ತಿಂಗಳಲ್ಲಿ ಶೇ. 11ರಷ್ಟು ಬಿದ್ದು, ಬೇಸಿಗೆ ಮುಗಿಯುವ ಮೊದಲೇ ದಾಖಲೆಯ ಎತ್ತರಕ್ಕೆ ಹೋಯಿತು. ಎರಡೂ ಸಲ ಹೆಚ್ಚು ಕಳೆದುಕೊಂಡವರು ಕುಸಿತದ ಮೊದಲ ತಿಂಗಳುಗಳಲ್ಲಿ ಹೆದರಿ ಮಾರಿದವರು.

ಈಗ ನಿಮ್ಮ ಥಾರ್ ವಿಷಯಕ್ಕೆ ಬರುತ್ತೇನೆ. ಇದರ ಬೆಲೆಯಲ್ಲಿ ಆಗಿರುವ ಇಳಿಕೆಯ ಬಹುಭಾಗಕ್ಕೂ ಹಿಂಜರಿತಕ್ಕೂ ಸಂಬಂಧವಿಲ್ಲ ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಿ. 2023ರ ಜನವರಿಯಲ್ಲಿ ಹಿಂದಿನ ಚಕ್ರಗಳಿಗೆ ಮಾತ್ರ ಶಕ್ತಿ ಕೊಡುವ ಥಾರ್ 9.99 ಲಕ್ಷದಿಂದ ಶುರುವಾಗುವಂತೆ ಬಂದಿತು. ಥಾರ್‌ನ ರೂಪಕ್ಕೆ ಮನಸೋತು, ಫೋರ್ ವೀಲ್ ಲಿವರನ್ನು ಎಂದೂ ಮುಟ್ಟದೆ ಇರುವ ಕೊಳ್ಳುಗರು ಅತ್ತ ಹೋದರು. 2024ರ ಆಗಸ್ಟಿನಲ್ಲಿ ಐದು ಬಾಗಿಲಿನ ಥಾರ್ ರಾಕ್ಸ್ 12.99 ಲಕ್ಷದಿಂದ ಆರಂಭವಾಗುವ ಬೆಲೆಗೆ ಬಂದಾಗ, ಹೆಂಡತಿ ಮಕ್ಕಳ ಜೊತೆ ಓಡಾಡುವವರು ಅದನ್ನು ಆರಿಸಿಕೊಂಡರು. 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರಗಳು ಬದಲಾದಾಗ ಹೊಸ ಫೋರ್ ವೀಲ್ ಡ್ರೈವ್ ಡೀಸೆಲ್ ಥಾರ್‌ನ ಬೆಲೆ ಸುಮಾರು ಒಂದು ಲಕ್ಷ ರೂಪಾಯಿ ಇಳಿಯಿತು. ಹಳೆಯ ಥಾರ್ ಇಟ್ಟುಕೊಂಡಿದ್ದ ಪ್ರತಿಯೊಬ್ಬರೂ ಅಂದು ಕುಳಿತಲ್ಲೇ ಅದರಲ್ಲಿ ಒಂದಷ್ಟನ್ನು ಕಳೆದುಕೊಂಡರು. ಮಾರುತಿ ಜಿಮ್ನಿಯ ಕತೆ ಇನ್ನೂ ಸ್ಪಷ್ಟ. 2023ರ ಜೂನಿನಲ್ಲಿ 12.74 ಲಕ್ಷದ ಆರಂಭಿಕ ಬೆಲೆಗೆ ಬಂದ ಆ ಗಾಡಿಗೆ ವರ್ಷ ಮುಗಿಯುವ ಮೊದಲೇ 10.74 ಲಕ್ಷದಿಂದ ಶುರುವಾಗುವ ವಿಶೇಷ ಆವೃತ್ತಿ ಬಂದಿತು. ಗಾಡಿಯಲ್ಲಿ ದೋಷವೇನೂ ಇರಲಿಲ್ಲ, ದೇಶದಲ್ಲಿ ಹಿಂಜರಿತವೂ ಇರಲಿಲ್ಲ. ಆದರೂ ಜೂನಿನಲ್ಲಿ ಕೊಂಡವರ ಮರುಮಾರಾಟ ಬೆಲೆ ಆರು ತಿಂಗಳೊಳಗೆ ಕುಗ್ಗಿಹೋಯಿತು.

ಆದ್ದರಿಂದ ನಿಮ್ಮ ಗಾಡಿಗೆ ಬೆಲೆ ಕಟ್ಟುವಾಗ 2021ರಲ್ಲಿ ನೀವು ಕೊಟ್ಟ ಹಣದಿಂದ ಲೆಕ್ಕ ಶುರು ಮಾಡಬೇಡಿ. ಇಂದು ಅದೇ ಮಟ್ಟದ ಹೊಸ ಗಾಡಿ, ತೆರಿಗೆ ವಿಮೆ ಎಲ್ಲ ಸೇರಿ, ರಿಯಾಯಿತಿ ಕಳೆದು, ರಸ್ತೆಗೆ ಇಳಿಯಲು ಎಷ್ಟಾಗುತ್ತದೆ ಎಂಬುದನ್ನು ಷೋರೂಮಿನಿಂದ ಬರೆಸಿಕೊಂಡು ಬಂದು ಅಲ್ಲಿಂದ ಇಳಿಯಿರಿ. ವಿಮಾ ಪತ್ರದಲ್ಲಿರುವ ಐಡಿವಿಯನ್ನೂ (ವಿಮಾ ಕಂಪನಿ ಗಾಡಿಗೆ ನಮೂದಿಸುವ ಮೌಲ್ಯ) ಮಾರುಕಟ್ಟೆ ಬೆಲೆ ಎಂದು ತಿಳಿಯಬೇಡಿ. ಅದು ನಾಲ್ಕರಿಂದ ಐದು ವರ್ಷದ ಗಾಡಿಗೆ ಶೇ. 50ರಷ್ಟು ಸವಕಳಿ ಎಂಬಂಥ ನಿಗದಿತ ಪಟ್ಟಿಯ ಮೇಲೆ ಕಟ್ಟಿದ ಮೊತ್ತ. ಸಾಮಾನ್ಯ ಕಾರುಗಳಿಗೆ ಆ ಪಟ್ಟಿ ಸುಮಾರಾಗಿ ಹೊಂದಬಹುದು, ಫೋರ್ ವೀಲ್ ಡ್ರೈವ್ ಥಾರ್ ಸಾಮಾನ್ಯವಾಗಿ ಅದಕ್ಕಿಂತ ಮೇಲೆಯೇ ಇರುತ್ತದೆ.

ಇನ್ನು ಮಲೆನಾಡಿನ ಮಾತು. ನಿಮ್ಮ ವಿಷಯದಲ್ಲಿ ಇದೇ ಮುಖ್ಯವೆಂದು ನನ್ನ ಅಭಿಪ್ರಾಯ. ಜೀಪಿನ ಮಾರುಕಟ್ಟೆ ಬೆಂಗಳೂರಿನಲ್ಲಿ ಒಂದು, ಸಕಲೇಶಪುರ, ಮೂಡಿಗೆರೆ, ಸೋಮವಾರಪೇಟೆಗಳಲ್ಲಿ ಇನ್ನೊಂದು. ಬೆಂಗಳೂರಿನ ಕೊಳ್ಳುಗರಿಗೆ ಅದು ವಾರದ ಕೊನೆಯ ಹವ್ಯಾಸ. ಸಂಬಳಕ್ಕೆ ಕುತ್ತು ಬಂದರೆ ಅವರು ಮೊದಲು ಕೈಬಿಡುವುದು ಅದನ್ನೇ. ತೋಟದವರಿಗೆ ಅದು ಗೊಬ್ಬರ, ಕೂಲಿಯಾಳು, ಸ್ಪ್ರೇ ಮಾಡುವ ಔಷಧಿ, ಕೊಯ್ದ ಹಣ್ಣು ಸಾಗಿಸುವ ಸಾಧನ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇರೆ ಗಾಡಿ ಹೋಗದ ಏರುಗಳಲ್ಲಿ ಹೋಗುವುದು ಅದೊಂದೇ. ಆ ಕೊಳ್ಳುಗರ ಕೈ ಸಡಿಲವೋ ಬಿಗಿಯೋ ಎಂಬುದನ್ನು ನಿರ್ಧರಿಸುವುದು ಕಾಫಿ, ಕರಿಮೆಣಸು, ಅಡಿಕೆಯ ಧಾರಣೆ. ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ರಫ್ತು ಕೋಟಾ ವ್ಯವಸ್ಥೆ 1989ರಲ್ಲಿ ಮುರಿದುಬಿದ್ದ ಮೇಲೆ ಕಾಫಿ ಬೆಲೆ ದೊಡ್ಡ ದೊಡ್ಡ ಏರಿಳಿತಗಳನ್ನು ಕಂಡಿದೆ. 2001–02ರ ಹೊತ್ತಿಗೆ ಅದು ದಶಕಗಳಲ್ಲೇ ಕನಿಷ್ಠ ಮಟ್ಟಕ್ಕೆ ಇಳಿದಾಗ ನಮ್ಮ ಬೆಳೆಗಾರರಿಗೆ ಬೆಳೆಯನ್ನು ಮಂಡಳಿಯೇ ಪಡೆದು ಮಾರುತ್ತಿದ್ದ ಕಾಫಿ ಮಂಡಳಿಯ ಹಳೆಯ ಸಂಗ್ರಹಣಾ ವ್ಯವಸ್ಥೆಯ ಆಸರೆಯೂ ಉಳಿದಿರಲಿಲ್ಲ. ಅದಕ್ಕೆ ವಿರುದ್ಧವಾಗಿ 2025ರ ಫೆಬ್ರವರಿಯಲ್ಲಿ ಅರೇಬಿಕಾ ಕಾಫಿ ನ್ಯೂಯಾರ್ಕಿನ ಪೇಟೆಯಲ್ಲಿ ಪೌಂಡಿಗೆ 4 ಡಾಲರ್ ದಾಟಿ ದಾಖಲೆ ಬರೆಯಿತು. ಬೆಂಗಳೂರಿನಲ್ಲಿ ಕೆಲಸ ಹೋಗುವ ಭಯ ಇರುವಾಗಲೇ ಮಲೆನಾಡಿನಲ್ಲಿ ಜೀಪಿಗೆ ಹಣ ಹಾಕುವವರು ಇರಬಹುದು. ಕಾಫಿ ಬಿದ್ದ ವರ್ಷ ಅದು ತಲೆಕೆಳಗಾಗಬಹುದು. ನಿಮ್ಮ ಸುದೈವವೆಂದರೆ ಎರಡೂ ಕಡೆ ನಿಮಗೆ ನಂಟಿದೆ. ಯಾವ ಕಡೆ ಹಿಂಜರಿತವಿಲ್ಲವೋ ಆ ಕಡೆ ಮಾರಿ.

ಕಾಲದ ಆಯ್ಕೆಯೂ ಇದರಿಂದಲೇ ತಿಳಿಯುತ್ತದೆ. ಅರೇಬಿಕಾ ಕೊಯ್ಲು ಜನವರಿಯ ಹೊತ್ತಿಗೆ, ರೊಬಸ್ಟಾ ಮಾರ್ಚಿನ ಹೊತ್ತಿಗೆ ಮುಗಿಯುತ್ತದೆ. ಬೆಳೆ ಮಾರಿದ ಹಣ ಕೈಗೆ ಬಂದು, ಮಳೆ ಹಿಡಿಯುವ ಮೊದಲು ಗಾಡಿ ಬೇಕೆನಿಸುವ ಫೆಬ್ರವರಿಯಿಂದ ಮೇ ನಡುವಿನ ಕಾಲ ಮಲೆನಾಡಿನಲ್ಲಿ ಜೀಪು ಮಾರಲು ಪ್ರಶಸ್ತ. ಮಳೆಗಾಲದ ನಡುವೆ ನೋಡಲು ಬರುವವರೂ ಕಡಿಮೆ, ಬಂದವರು ಚಾಸಿಯ ಕೆಸರು ನೋಡಿಯೇ ಬೆಲೆ ಇಳಿಸುತ್ತಾರೆ.

ಪ್ರವಾಸಿ ಜೀಪುಗಳ ಬಗ್ಗೆ ಎಚ್ಚರಿಕೆಯ ಒಂದು ಮಾತು ಹೇಳಬೇಕು. ಮಾಂದಲಪಟ್ಟಿ, ಕೊಡಚಾದ್ರಿಯಂಥ ಕಡೆ ದಿನವಿಡೀ ಬೆಟ್ಟ ಹತ್ತಿಳಿಯುವ ಜೀಪುಗಳಿಗೆ ಪ್ರವಾಸಿಗರೇ ಆಧಾರ. ಕೊಡಗಿನ 2018ರ ಭೂಕುಸಿತ, 2020ರ ಲಾಕ್‌ಡೌನ್‌ನಂಥ ಹೊತ್ತಿನಲ್ಲಿ ಆದಾಯ ನಿಂತು ಕಂತು ಕಟ್ಟಲಾಗದಾಗ ಅವು ಅಗ್ಗಕ್ಕೆ ಮಾರಾಟಕ್ಕೆ ಬರುತ್ತವೆ. ದುಡಿದು ಸವೆದ ಆ ಗಾಡಿಗಳು ಬಣ್ಣ ಬಳಿಸಿಕೊಂಡು ನಿಮ್ಮ ಗಾಡಿಯ ಪಕ್ಕದಲ್ಲೇ ನಿಂತಾಗ ಕೊಳ್ಳುವವರು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಾರೆ. ನಿಮ್ಮದು ಬೇರೆ ಎಂದು ತೋರಿಸುವ ಹೊಣೆ ನಿಮ್ಮದೇ ಆಗುತ್ತದೆ.

ಅದನ್ನು ತೋರಿಸುವುದು ಗಾಡಿಯ ಕೆಳಗಡೆ. ಬಾನೆಟ್ಟಿನ ಹೊಳಪಿಗೆ ಪಳಗಿದ ಕೊಳ್ಳುಗ ಬೆಲೆ ಕೊಡುವುದಿಲ್ಲ. ಅವನು ಮೊದಲು ಮಾಡುವುದು ಚಾಲಕನ ಸೀಟಿನ ಕೆಳಗಿನ ಕಾರ್ಪೆಟ್ ಎತ್ತಿ ಕೈಯಾಡಿಸುವುದು. ಮಣ್ಣಿನ ಒಣ ಗೆರೆ ಕಂಡರೆ ಗಾಡಿ ಹೊಳೆಯಲ್ಲಿ ಇಳಿದಿದೆ ಎಂದರ್ಥ. ಆಮೇಲೆ ಫೋರ್ ಲೋಗೆ (ನಾಲ್ಕೂ ಚಕ್ರಕ್ಕೆ ನಿಧಾನದ, ಹೆಚ್ಚು ಎಳೆತದ ಗೇರು) ಹಾಕಿ ಸಡಿಲ ಮಣ್ಣಿನ ಮೇಲೆ ಹತ್ತು ಹೆಜ್ಜೆ ಮುಂದೆ, ಹತ್ತು ಹೆಜ್ಜೆ ಹಿಂದೆ ಓಡಿಸಿ, ಶಕ್ತಿಯನ್ನು ಮುಂದಿನ ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನಿಂದ ಗರಗರ ಸದ್ದು ಬರುತ್ತದೆಯೇ, ಲಿವರು ಸಲೀಸಾಗಿ ವಾಪಸ್ಸು ಬೀಳುತ್ತದೆಯೇ ಎಂದು ನೋಡುತ್ತಾನೆ. ಎಷ್ಟೋ ನಗರದ ಗಾಡಿಗಳಲ್ಲಿ ವರ್ಷಗಟ್ಟಲೆ ಉಪಯೋಗಿಸದ ಲಿವರು ಬಿಗಿದುಕೊಂಡಿರುತ್ತದೆ. ಮುಂದಿನ ಡಿಫರೆನ್ಷಿಯಲ್ಲಿನ (ಎಡ ಬಲ ಚಕ್ರಗಳಿಗೆ ಶಕ್ತಿ ಹಂಚುವ ಗೇರುಪೆಟ್ಟಿಗೆ) ಆಯಿಲ್ ಪ್ಲಗ್ಗನ್ನು ಬಿಚ್ಚಿ ನೋಡುವವರೂ ಇದ್ದಾರೆ: ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಹೊಕ್ಕಿದೆ, ಅಲ್ಲಿಗೆ ಮಾತುಕತೆ ಮುಗಿಯಿತು ಅಥವಾ ಬೆಲೆ ಗಣನೀಯವಾಗಿ ಇಳಿಯಿತು. ಗಾಡಿಯನ್ನು ತೋರಿಸುವ ಮೊದಲು ಇವನ್ನೆಲ್ಲ ನೀವೇ ಒಬ್ಬ ಒಳ್ಳೆಯ ಮೆಕ್ಯಾನಿಕ್‌ ಜೊತೆ ನೋಡಿಸಿ, ಎರಡೂ ಡಿಫರೆನ್ಷಿಯಲ್ ಮತ್ತು ಟ್ರಾನ್ಸ್‌ಫರ್ ಕೇಸಿನ ಎಣ್ಣೆ ಬದಲಿಸಿ, ಬಿಲ್ಲನ್ನು ಇಟ್ಟುಕೊಳ್ಳಿ. ಕೆಲವೇ ಸಾವಿರ ರೂಪಾಯಿಯ ಈ ಕೆಲಸ ಕೊಳ್ಳುವವರ ಮನಸ್ಸಿನ ಅಳುಕನ್ನು ತೆಗೆಯುವಷ್ಟು ಬೇರೆ ಯಾವ ಖರ್ಚೂ ತೆಗೆಯುವುದಿಲ್ಲ.

ಇದೇ ಉಸಿರಿನಲ್ಲಿ ಮಾಡಿಫಿಕೇಷನ್ ಬಗ್ಗೆಯೂ ಹೇಳುತ್ತೇನೆ, ಏಕೆಂದರೆ ಥಾರ್ ಇಟ್ಟುಕೊಂಡವರಲ್ಲಿ ಹೆಚ್ಚು ಮಂದಿ ಹಣ ಕಳೆದುಕೊಳ್ಳುವುದು ಇಲ್ಲಿಯೇ. ಎರಡು ಲಕ್ಷ ಸುರಿದು ದೊಡ್ಡ ಟೈರು, ಎತ್ತರಿಸಿದ ಸಸ್ಪೆನ್ಷನ್, ಕಬ್ಬಿಣದ ಬಂಪರ್, ವಿಂಚು ಹಾಕಿಸಿದವರು ಆ ಎರಡು ಲಕ್ಷವನ್ನೂ ಬೆಲೆಗೆ ಸೇರಿಸಿ ಕೇಳುತ್ತಾರೆ. ಒಳ್ಳೆಯ ಕಾಲದಲ್ಲಿ ಅದೇ ಹುಚ್ಚಿರುವ ಒಬ್ಬ ಕೊಳ್ಳುಗ ಸಿಕ್ಕಾನು. ಹಿಂಜರಿತದಲ್ಲಿ ಆ ಒಬ್ಬನೂ ಇರುವುದಿಲ್ಲ, ಉಳಿದವರಿಗೆ ಅದು ಗಾಡಿಯನ್ನು ಒರಟಾಗಿ ಬಳಸಿದ್ದಕ್ಕೆ ಸಾಕ್ಷಿಯಾಗಿ ಕಾಣುತ್ತದೆ. ಕಾನೂನಿನ ತೊಡಕೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂಥ ಬದಲಾವಣೆ ಮಾಡುವಂತಿಲ್ಲ ಎಂಬುದನ್ನು ಸುಪ್ರೀಂ ಕೋರ್ಟ್ 2019ರ ಜನವರಿಯ ತೀರ್ಪಿನಲ್ಲಿ ಎತ್ತಿಹಿಡಿದಿದೆ. ಮೂಲ ಟೈರು, ಬಂಪರ್‌ಗಳನ್ನು ಅಟ್ಟದ ಮೇಲೆ ಇಟ್ಟಿದ್ದರೆ ಗಾಡಿಗೆ ಮತ್ತೆ ಹಾಕಿಸಿ, ಬಿಚ್ಚಿದ್ದನ್ನು ಬೇರೆಯಾಗಿ ಮಾರಿ. ಎರಡೂ ಸೇರಿ ಬರುವ ಹಣ ಒಟ್ಟಿಗೆ ಮಾರಿದ್ದಕ್ಕಿಂತ ಹೆಚ್ಚಿರುತ್ತದೆ.

ಬೇರೆ ರಾಜ್ಯಗಳಿಂದ ಬರುವ ಅಗ್ಗದ ಗಾಡಿಗಳ ಸ್ಪರ್ಧೆಗೆ ಅಷ್ಟಾಗಿ ಹೆದರಬೇಕಾಗಿಲ್ಲ. ದೆಹಲಿ ಸುತ್ತಮುತ್ತ 10 ವರ್ಷ ದಾಟಿದ ಡೀಸೆಲ್ ವಾಹನಗಳ ಮೇಲೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ಹೇರಿದ, ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿದ ನಿರ್ಬಂಧದಿಂದಾಗಿ ಅಲ್ಲಿಯ ಪಜೇರೊ, ಎಂಡೆವರ್, ಫಾರ್ಚ್ಯೂನರ್‌ಗಳು ವರ್ಷಗಳಿಂದ ಅಗ್ಗಕ್ಕೆ ಹೊರರಾಜ್ಯಗಳಿಗೆ ಹರಿದಿವೆ. ಆದರೆ ಕರ್ನಾಟಕದಲ್ಲಿ ಮರುನೋಂದಣಿ ಮಾಡಿಸುವಾಗ ಜೀವಾವಧಿ ತೆರಿಗೆ ಕಟ್ಟಬೇಕು. ಹೊಸ ವಾಹನಕ್ಕೆ 10ರಿಂದ 20 ಲಕ್ಷದ ಬೆಲೆಗೆ ಶೇ. 17, ಅದಕ್ಕೆ ಮೇಲ್ಪಟ್ಟರೆ ಶೇ. 18 ಇರುವ ನಮ್ಮ ತೆರಿಗೆ ದೇಶದಲ್ಲೇ ಭಾರವಾದವುಗಳಲ್ಲಿ ಒಂದು. ಗಾಡಿಗೆ ವಯಸ್ಸಾದಂತೆ ಅದು ಕಡಿಮೆಯಾದರೂ ದೆಹಲಿಯಲ್ಲಿ ಕಂಡ ಅಗ್ಗದಲ್ಲಿ ಒಂದು ಪಾಲನ್ನು ನುಂಗುತ್ತದೆ. ಮೊದಲಿನಿಂದಲೂ ಕರ್ನಾಟಕದ ನೋಂದಣಿಯಲ್ಲೇ ಇರುವ ನಿಮ್ಮಂಥ ಗಾಡಿಗೆ ಇಲ್ಲಿ ಸಿಗುವ ಹೆಚ್ಚಿನ ಬೆಲೆಗೆ ಇದೂ ಒಂದು ಕಾರಣ, ಮತ್ತು ಇದು ಹಿಂಜರಿತದಲ್ಲಿ ಅಳಿಸಿಹೋಗುವಂಥದ್ದಲ್ಲ.

ಈಗ ಕಾಯುವುದರ ಲೆಕ್ಕ. ಉದಾಹರಣೆಗೆ ನಿಮ್ಮ ಥಾರ್‌ಗೆ ಇಂದು 10 ಲಕ್ಷ ಸಿಗುತ್ತದೆ ಎಂದಿಟ್ಟುಕೊಳ್ಳೋಣ; ಸರಿಯಾದ ಮೊತ್ತ ಗಾಡಿಯನ್ನು ನೋಡಿಯೇ ಹೇಳಬೇಕು. ಬಾಕಿ ಐದು ಲಕ್ಷಕ್ಕೆ ಶೇ. 9ರ ಬಡ್ಡಿ ಎಂದರೆ ತಿಂಗಳಿಗೆ 3,750 ರೂಪಾಯಿ. ವಿಮೆ ವರ್ಷಕ್ಕೆ 36 ಸಾವಿರವಾದರೆ ತಿಂಗಳಿಗೆ 3,000. ಮಾರುಕಟ್ಟೆ ಎಷ್ಟೇ ಚೆನ್ನಾಗಿದ್ದರೂ ವಯಸ್ಸಿನಿಂದಾಗಿ ವರ್ಷಕ್ಕೆ ಶೇ. 10ರಷ್ಟು ಬೆಲೆ ಇಳಿಯುತ್ತದೆಂದರೆ ತಿಂಗಳಿಗೆ 8 ಸಾವಿರದ ಮೇಲೆ. ಒಟ್ಟು ತಿಂಗಳಿಗೆ ಸುಮಾರು 15 ಸಾವಿರ, ಆರು ತಿಂಗಳಿಗೆ 90 ಸಾವಿರ. ಇದರರ್ಥ, ನೀವು ಗಾಡಿಯನ್ನು ನಿಜವಾಗಿ ಬಳಸದೆ, ಬರೀ ಬೆಲೆ ಏರಲೆಂದು ಆರು ತಿಂಗಳು ಕಾದರೆ, ಮಾರುಕಟ್ಟೆ 90 ಸಾವಿರದಷ್ಟು ಏರಿ, ವಯಸ್ಸಿನ ಇಳಿಕೆ ಕಳೆದ ಮೇಲೂ ಇಂದು ಸಿಗುವುದಕ್ಕಿಂತ ಸುಮಾರು 40 ಸಾವಿರ ಹೆಚ್ಚು ಸಿಕ್ಕರೆ ಮಾತ್ರ ಕಾದದ್ದಕ್ಕೆ ಸರಿಹೋಗುತ್ತದೆ. ಆರು ವರ್ಷದತ್ತ ಸಾಗುವ ಗಾಡಿಗೆ ಅಂಥ ಏರಿಕೆ 2021ರಂಥ ಅಪರೂಪದ ಕೊರತೆಯಲ್ಲಷ್ಟೇ ಸಾಧ್ಯ. ಗಾಡಿ ನಿಮ್ಮ ದಿನನಿತ್ಯದ ಬಳಕೆಯಲ್ಲಿದ್ದರೆ ಈ ಲೆಕ್ಕ ಬದಲಾಗುತ್ತದೆ. ಮಾರಿದ ಮೇಲೆ ಇನ್ನೊಂದು ಗಾಡಿ ಕೊಳ್ಳಲೇಬೇಕಾದರೆ ಅದರ ಖರ್ಚನ್ನೂ ಹಿಡಿಯಬೇಕು.

ಹಾಗಾಗಿ ನನ್ನ ಸಲಹೆ ಇದು: ಥಾರ್ ಮಾರಿ, ಮತ್ತು ಸಂಬಳ ಬರುತ್ತಿರುವಾಗಲೇ ಮಾರಲು ಹೊರಡಿ. ಕೆಲಸ ಹೋದ ಮೇಲೆ ಎರಡು ಕಂತು ತಪ್ಪಿದರೆ ಬ್ಯಾಂಕಿನ ಫೋನ್ ಕರೆಗಳ ನಡುವೆ ಚೌಕಾಶಿ ಮಾಡುವ ಧೈರ್ಯ ಯಾರಿಗೂ ಉಳಿಯುವುದಿಲ್ಲ. ಸಿಕ್ಕ ಮೊದಲ ಬ್ರೋಕರಿಗೆ ಗಾಡಿ ಹೋಗುತ್ತದೆ. ಮೊದಲು ಎರಡು ಮೂರು ಕಡೆ, ಹಳೆಯ ಕಾರು ಕೊಳ್ಳುವ ಕಂಪನಿಗಳಲ್ಲಿ ಮತ್ತು ಷೋರೂಮಿನ ಎಕ್ಸ್‌ಚೇಂಜಿನಲ್ಲಿ, ಬೆಲೆ ಕೇಳಿ ಬರೆದಿಟ್ಟುಕೊಳ್ಳಿ. ಅದು ನಿಮ್ಮ ಕೆಳಮಿತಿ. ನೇರವಾಗಿ ಬಳಸುವವರಿಗೇ ಮಾರಿದರೆ ಅದಕ್ಕಿಂತ ಹೆಚ್ಚು ಸಿಗಬೇಕು, ಏಕೆಂದರೆ ನೋಂದಾಯಿತ ವ್ಯಾಪಾರಿ ತನ್ನ ಲಾಭದ ಜೊತೆಗೆ, ಕೊಂಡ ಬೆಲೆ ಮತ್ತು ಮಾರಿದ ಬೆಲೆಯ ನಡುವಿನ ಅಂತರದ ಮೇಲೆ ಶೇ. 18 ಜಿಎಸ್‌ಟಿಯನ್ನೂ ಕಟ್ಟಬೇಕು. ನಿಮ್ಮಂಥ ಖಾಸಗಿ ಮಾಲೀಕರು ಇನ್ನೊಬ್ಬ ಖಾಸಗಿಯವರಿಗೆ ಮಾರಿದರೆ ಆ ತೆರಿಗೆ ಬರುವುದಿಲ್ಲ. ಬೆಲೆಯನ್ನು ಬಹಳ ಎತ್ತರದಲ್ಲಿ ಇಟ್ಟು ವಾರಕ್ಕೊಮ್ಮೆ ಇಳಿಸುತ್ತಾ ಬರುವುದಕ್ಕಿಂತ ಮೊದಲೇ ನ್ಯಾಯವಾದ ಬೆಲೆ ಹೇಳಿ ಅದಕ್ಕೆ ಅಂಟಿಕೊಳ್ಳುವುದು ಒಳ್ಳೆಯದು. ಹಿಂಜರಿತದಲ್ಲಿ ಕೊಳ್ಳುವವರು ಕಡಿಮೆಯಿದ್ದರೂ ಇರುವವರು ಬಹಳ ದಿನದಿಂದ ಹುಡುಕುತ್ತಿರುವವರು. ಇಳಿಯುತ್ತಾ ಬಂದ ಬೆಲೆಯನ್ನು ಅವರು ಗಮನಿಸಿಯೇ ಇರುತ್ತಾರೆ. ಸಾಲ ತೀರಿಸಿದ ಮೇಲೆ ಬ್ಯಾಂಕಿನಿಂದ ನಿರಾಕ್ಷೇಪಣಾ ಪತ್ರ ಮತ್ತು ಸಹಿ ಮಾಡಿದ 35ನೇ ನಮೂನೆ ಪಡೆದು, ಆರ್‌ಸಿಯಿಂದ (ನೋಂದಣಿ ಪತ್ರ) ಸಾಲದ ನಮೂದು ತೆಗೆಸಿ. ಸಾಧ್ಯವಿದ್ದರೆ ಗಾಡಿ ತೋರಿಸುವ ಮೊದಲೇ ಇದನ್ನು ಮುಗಿಸಿಕೊಳ್ಳಿ. ಮಾರಿದ ಮೇಲೆ ಮಾಲೀಕತ್ವ ವರ್ಗಾವಣೆಯ 29 ಮತ್ತು 30ನೇ ನಮೂನೆಗಳು ಆರ್‌ಟಿಒ ಕಚೇರಿಗೆ ಹೋಗಿ ಹೆಸರು ಬದಲಾಗುವವರೆಗೂ ಹಿಂದೆ ಬಿದ್ದು ಮಾಡಿಸಿ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಅಪಘಾತ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ.

ತಂದೆಯವರ ಎಂಎಂ 540 ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಪ್ಯೂಜೊ ವಿನ್ಯಾಸದ ಎಕ್ಸ್‌ಡಿಪಿ 4.90 ಡೀಸೆಲ್ ಎಂಜಿನ್ನಿನ ಆ ಜೀಪು ಕಳೆದುಕೊಳ್ಳಬೇಕಾದ ಬೆಲೆಯನ್ನೆಲ್ಲ ಎಂದೋ ಕಳೆದುಕೊಂಡಾಗಿದೆ. ಅದರ ತಯಾರಿಕೆ ನಿಂತು ದಶಕಗಳಾಗಿವೆ, ಹೊಸ ಮಾದರಿ ಬಂದು ಅದರ ಬೆಲೆ ಇಳಿಸುವ ಪ್ರಶ್ನೆಯಿಲ್ಲ. ಖಾಸಗಿ ಗ್ರಾಹಕರಿಗೆ 2019ರಲ್ಲಿ ಮಾರಾಟ ನಿಂತ ಜಿಪ್ಸಿಯಂತೆ ಅದರ ಬೆಲೆಯೂ ವಯಸ್ಸನ್ನು ಬಿಟ್ಟು ಸ್ಥಿತಿ ಮತ್ತು ಕಾಗದಪತ್ರಗಳನ್ನು ಹಿಡಿದಿದೆ. ಸಾಲವಿಲ್ಲ, ವಿಮೆ ಕಡಿಮೆ, ಹಾಸನ, ಚಿಕ್ಕಮಗಳೂರಿನ ಹಳೆಯ ಗ್ಯಾರೇಜುಗಳಲ್ಲಿ ಅದನ್ನು ಬಿಚ್ಚಿ ಜೋಡಿಸಬಲ್ಲವರು ಇನ್ನೂ ಇದ್ದಾರೆ. ಮಾರಿದರೆ ಬರುವ ಹಣದಲ್ಲಿ ತೋಟದ ಅದೇ ಕೆಲಸ ಮಾಡುವ ಮತ್ತೊಂದು ಫೋರ್ ವೀಲ್ ಗಾಡಿ ಬರುವುದಿಲ್ಲ. ಆದ್ದರಿಂದ ಅದನ್ನು ಇಟ್ಟುಕೊಳ್ಳಿ.

ಆದರೆ ಅದರ ಆರ್‌ಸಿಯನ್ನು ಈ ವಾರವೇ ತೆಗೆದು ನೋಡಿ. 1996ರಲ್ಲಿ ನೋಂದಣಿಯಾದ ಜೀಪಿಗೆ ಮೊದಲ 15 ವರ್ಷ 2011ಕ್ಕೆ ಮುಗಿದು, ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಣವಾಗಿರಬೇಕು. ಆ ಲೆಕ್ಕದಲ್ಲಿ 2021ರ ನವೀಕರಣದ ಅವಧಿ 2026ಕ್ಕೆ ತೀರುತ್ತದೆ. 20 ವರ್ಷ ದಾಟಿದ ಲಘು ಮೋಟಾರು ವಾಹನದ ನವೀಕರಣ ಶುಲ್ಕವನ್ನು ಕೇಂದ್ರ ಸರ್ಕಾರ 2025ರ ಆಗಸ್ಟಿನಲ್ಲಿ 10 ಸಾವಿರ ರೂಪಾಯಿಗೆ ಏರಿಸಿದೆ. ಅದರ ಮೇಲೆ ಹಸಿರು ತೆರಿಗೆ ಇದೆ, ತಡವಾದರೆ ದಂಡವೂ ಸೇರುತ್ತದೆ. ತಪಾಸಣೆಗೆ ಒಯ್ಯುವ ಮೊದಲು ಮುಂದಿನ ಆಕ್ಸಲ್ಲಿನ ತುದಿಯಲ್ಲಿ ಚಕ್ರ ತಿರುಗುವ ಕೀಲಿನ ಸೀಲುಗಳಿಂದ (ನಕಲ್ ಸೀಲ್, knuckle seal) ಗ್ರೀಸು, ಎಣ್ಣೆ ಸೋರುತ್ತಿದ್ದರೆ ಬದಲಿಸಿ, ಸ್ಟೀರಿಂಗಿನ ಆಟ ಕಡಿಮೆ ಮಾಡಿಸಿ, ಚಾಸಿ ನಂಬರು ಕೊರೆದ ಜಾಗದ ತುಕ್ಕನ್ನು ಸೀಮೆಎಣ್ಣೆ ಬಟ್ಟೆಯಿಂದ ಮೆಲ್ಲಗೆ ಒರೆಸಿ ಅಕ್ಷರಗಳು ಓದಲು ಬರುವಂತೆ ಮಾಡಿ. ಉಜ್ಜುವ ಕಾಗದ ಹಾಕಿದರೆ ನಂಬರೇ ಸವೆಯುತ್ತದೆ. ಈ ನವೀಕರಣ ತಪ್ಪಿಹೋಗಿ ಕಾಗದವಿಲ್ಲದ ಜೀಪಾದರೆ ಅದಕ್ಕೆ ಸಿಗುವುದು ಗುಜರಿಯ ಬೆಲೆ; ಐದು ವರ್ಷದ ಸಿಂಧುತ್ವ ಇರುವ ಆರ್‌ಸಿ ಕೈಯಲ್ಲಿದ್ದರೆ, ಮುಂದೆ ಎಂದಾದರೂ ಮಾರಲೇಬೇಕಾಗಿ ಬಂದರೂ, ಸಕಲೇಶಪುರದಲ್ಲೇ ಅದಕ್ಕೆ ಕೊಳ್ಳುವವರಿರುತ್ತಾರೆ.